ತೋಟ ಇದ್ದವರಿಗೂ ವ್ಯಾಯಾಮ ಬೇಕು

ನಮಸ್ಕಾರ. "ನಮಗೆಂಥ ವ್ಯಾಯಾಮ, ತೋಟ ಇದೆಯಲ್ಲ!" ಕೇರಳದ ನಮ್ಮ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾರ ಮನೆಯ ಜಗಲಿಯಲ್ಲಿ ಕುಳಿತು ಈ ವಿಷಯ ತೆಗೆದರೂ ಸಿಗುವ ಉತ್ತರ ಇದೇ. ನಾನು ಇದನ್ನು ಒಪ್ಪುವುದಿಲ್ಲ. ತೋಟ ಉಳಿದಿದೆ, ಅದು ಬೇಡುತ್ತಿದ್ದ ಮೈಕೆಲಸ ಉಳಿದಿಲ್ಲ.

ಗುಡ್ಡ ಕೊರೆದು ಸುರಂಗ ತೋಡಿ ನೀರು ತಂದವರ ನಾಡು ನಮ್ಮದು. ಸೊಪ್ಪಿನ ಹೊರೆ ಗುಡ್ಡೆಯಿಂದ ತಲೆಯ ಮೇಲೆಯೇ ಇಳಿಯುತ್ತಿತ್ತು, ಗೊಬ್ಬರ ಬುಟ್ಟಿಯಲ್ಲೇ ಹೋಗುತ್ತಿತ್ತು. ಈಗ ಸ್ಪ್ರಿಂಕ್ಲರ್ ಇದೆ, ಹುಲ್ಲು ಕತ್ತರಿಸುವ ಯಂತ್ರವಿದೆ, ಅಡಿಕೆ ಸುಲಿಯುವ ಯಂತ್ರವಿದೆ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿಯೂ ಇದೆ. ಇವೆಲ್ಲ ಬಂದದ್ದು ಒಳ್ಳೆಯದೇ; ಮರದಿಂದ ಬಿದ್ದು ಹಾಸಿಗೆ ಹಿಡಿದವರ ಸಂಕಟ ನಮಗೆ ಗೊತ್ತು. ಆದರೆ ಪಂಪಿನ ಸ್ವಿಚ್ ಹಾಕಿ ತೋಟಕ್ಕೊಂದು ಸುತ್ತು ಬರುವುದನ್ನು ದುಡಿಮೆ ಎಂದು ಮೈ ಲೆಕ್ಕ ಹಿಡಿಯುವುದಿಲ್ಲ. ಅಡುಗೆಮನೆಯಲ್ಲೂ ಮೆಟ್ಟುಕತ್ತಿ, ಕಡೆಯುವ ಕಲ್ಲು ಮೂಲೆ ಸೇರಿವೆ. ಹೆಂಗಸರು ನೆಲದಲ್ಲಿ ಕುಳಿತು ಏಳುವ ಕೆಲಸವೇ ಇಲ್ಲವಾಗಿದೆ. ಬಟ್ಟಲಿನ ಅನ್ನ ಮಾತ್ರ ಅಷ್ಟೇ ಇದೆ.

ಫಲ ಕಣ್ಣ ಮುಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಮಧುಮೇಹ ಇರುವವರು ಶೇ. 11.4, ಕೇರಳದಲ್ಲಿ ಶೇ. 25.5. ನಾಲ್ವರಲ್ಲಿ ಒಬ್ಬರು! ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ರಕ್ತದಿಂದ ಎಳೆದುಕೊಳ್ಳುವುದು ನಮ್ಮ ಸ್ನಾಯುಗಳು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಗೆ ಕಾಯದೆಯೂ ಸಕ್ಕರೆ ತೆಗೆದುಕೊಳ್ಳಬಲ್ಲದು. ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುವುದು ಇದೇ ಕಾರಣಕ್ಕೆ.

ಹಾಗೆಂದು ನಡಿಗೆಯೊಂದೇ ಸಾಕು ಎನ್ನುವವರೊಂದಿಗೂ ನನಗೆ ತಕರಾರಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು ಮಾತ್ರವಲ್ಲ. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು ಎಂದಿದೆ. ಈ ಎರಡನೆಯ ಭಾಗ ನಮ್ಮ ಊರಿಗೆ ತಲುಪಿಯೇ ಇಲ್ಲ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಬೀಳದಂತೆ ತಡೆಯುವುದು ತೊಡೆಯ ಬಲ, ಹೆಜ್ಜೆಯ ಹಿಡಿತ. ಬಿದ್ದು ಸೊಂಟದ ಮೂಳೆ ಮುರಿದ ಎಷ್ಟೋ ಅಜ್ಜಿಯರು ಮತ್ತೆ ಮೊದಲಿನಂತೆ ನಡೆದಾಡಲಿಲ್ಲ.

"ಈ ಪ್ರಾಯದಲ್ಲಿ ಇನ್ನೆಂಥ ಬಲ" ಎನ್ನಬೇಡಿ. 1990ರಲ್ಲಿ ಪ್ರಕಟವಾದ ಬೋಸ್ಟನ್ ನಗರದ ಪ್ರಯೋಗವೊಂದರಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸ ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತಕ್ಕೆ ಆಗುವುದು ಐವತ್ತೈದಕ್ಕೆ ಏಕೆ ಆಗದು?

ಇದಕ್ಕೆ ಜಿಮ್ ಹುಡುಕಿಕೊಂಡು ಕಾಸರಗೋಡು ಪೇಟೆಗೆ ಹೋಗಬೇಕಾಗಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. ಸುಸ್ತೆನಿಸುವವರೆಗೆ ಮಾಡಿ, ವಿಶ್ರಮಿಸಿ, ಮತ್ತೆ ಮಾಡಿ. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಅಂಗೈ ಊರಿ ಮುಂದಕ್ಕೆ ವಾಲಿ, ಮೈಯನ್ನು ಹಿಂದಕ್ಕೆ ತಳ್ಳಿ. ಒಂಟಿ ಕಾಲಲ್ಲಿ ನಿಲ್ಲುವಾಗ ಪಕ್ಕದಲ್ಲಿ ಆಧಾರ ಇರಲಿ. ಸುಲಭವಾಯಿತು ಎಂದಾಗ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿಯಿರಿ. ಭಾರ ಏರಿಸದಿದ್ದರೆ ಬಲವೂ ಏರದು. ಗಂಟುನೋವಿನವರು ಇದರಿಂದ ದೂರ ಓಡಬೇಡಿ, ತೊಡೆಯ ಸ್ನಾಯು ಬಲಿತಷ್ಟೂ ಮೊಣಕಾಲಿಗೆ ಆಸರೆ ಹೆಚ್ಚು. ಎದೆನೋವು, ಉಬ್ಬಸ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ. ತೆಂಕುತಿಟ್ಟಿನ ಯಕ್ಷಗಾನದ ವೇಷಧಾರಿ ಗಿರ್ರನೆ ತಿರುಗುತ್ತ ದಿಗಿಣ ಹಾರುವುದನ್ನು ಕಂಡು ಬೆರಗಾಗುವ ನಾವು, ಅದರ ಹಿಂದಿನ ಕಾಲಿನ ಸಾಧನೆಯನ್ನು ನಮ್ಮ ಮನೆಗೆ ಸಂಬಂಧವಿಲ್ಲದ್ದೆಂದು ಬಿಟ್ಟಿರುವುದು ನನಗೆ ನೋವಿನ ವಿಷಯ.

ಹೆಂಗಸರ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಅಕ್ಕಂದಿರಲ್ಲಿ ನನ್ನದೊಂದು ಬೇಡಿಕೆ. ಉಳಿತಾಯದ ಲೆಕ್ಕಕ್ಕೆಂದು ಹೇಗೂ ನೀವು ಒಂದೆಡೆ ಸೇರುತ್ತೀರಿ, ಕುರ್ಚಿಗಳೂ ಅಲ್ಲೇ ಇರುತ್ತವೆ. ಪುಸ್ತಕ ಬಿಡಿಸುವ ಮೊದಲು ಕಾಲು ಗಂಟೆ ಎಲ್ಲರೂ ಕೂಡಿ ಎದ್ದು ಕುಳಿತುಕೊಳ್ಳಿ. ನಾಚಿಕೆಯಿಂದ ಮನೆಯಲ್ಲಿ ಮಾಡದವರು ಜೊತೆಯಲ್ಲಿ ಮಾಡುತ್ತಾರೆ. ಬರುವಾಗ ನಿಮ್ಮ ಅತ್ತೆಯವರನ್ನೂ ಕರೆತನ್ನಿ.