ಬಳೆ ಏರಿಸುವ ಕೈ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ನನ್ನ ಹದಿನಾಲ್ಕು ನಿಮಿಷದ ಕಿರುಚಿತ್ರ ನೋಡಿದ್ದೀರಿ. ಹಾಗಾಗಿ ನಾನು ಗೇ ಅನ್ನುವುದು ನಿಮಗೆ ಹೊಸ ಸುದ್ದಿ ಅಲ್ಲ. ನೋಡದವರಿಗೆ ಈಗ ಹೇಳಿದ ಹಾಗಾಯಿತು. ದೊಡ್ಡ ಸಿನಿಮಾ ಇನ್ನೂ ಮಾಡಿಲ್ಲ, ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ನಿನ್ನ ಮೇಲೆ ಯಾರ್ಯಾರ ಪ್ರಭಾವ ಇದೆ ಅಂತ ಮಾತಾಡು ಎಂದು ಕರೆದಾಗ ನನಗೆ ಮೊದಲು ನೆನಪಾದದ್ದು ಒಂದು ಕೈ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನಗೆ ಆಗ ಹತ್ತು ವರ್ಷ ಇರಬಹುದು. ಉಡುಪಿ ಹತ್ತಿರದ ನಮ್ಮೂರಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಮೇಳದ ಆಟ ಇತ್ತು. ಅಜ್ಜನ ಜೊತೆ ಹೋದವನು ಮಧ್ಯರಾತ್ರಿ ಎದ್ದು ಚೌಕಿಯ ಹತ್ತಿರ ಹೋಗಿ ನಿಂತೆ. ಚೌಕಿ ಅಂದರೆ ವೇಷ ಕಟ್ಟುವ ಜಾಗ, ಘಟ್ಟದ ಮೇಲಿನವರಿಗಾಗಿ ಹೇಳಿದೆ. ಅಲ್ಲಿ ಸ್ತ್ರೀವೇಷದ ಕಲಾವಿದರೊಬ್ಬರು ತಯಾರಾಗುತ್ತಿದ್ದರು. ಮುಖದ ಬಣ್ಣ ಮುಗಿದಿತ್ತು, ಸೀರೆ ಇನ್ನೂ ಉಟ್ಟಿರಲಿಲ್ಲ. ಮುಖ ಪೂರ್ತಿ ದಮಯಂತಿ, ಕುತ್ತಿಗೆಯಿಂದ ಕೆಳಗೆ ಲುಂಗಿ ಸುತ್ತಿಕೊಂಡು ಬೆವರುತ್ತಿದ್ದ ಒಬ್ಬ ಗಂಡಸು. ಅವರು ಬಳೆ ಹಾಕಿಕೊಳ್ಳುತ್ತಿದ್ದರು. ಕೈ ದೊಡ್ಡದು, ಗದ್ದೆ ಕೆಲಸ ಮಾಡಿದ ಕೈ. ಬಳೆ ಹೆಬ್ಬೆರಳಿನ ಬುಡಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಸೋಪಿನ ತುಂಡನ್ನು ನೀರಿಗೆ ಅದ್ದಿ ಕೈಗೆ ಉಜ್ಜಿ, ಬೆರಳುಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು ಒಂದೊಂದೇ ಬಳೆ ಏರಿಸಿದರು. ನಾನು ನೋಡುತ್ತಿರುವುದು ಗೊತ್ತಾಗಿ, "ಎಂತ ಮಾಣಿ, ನಿದ್ದೆ ಬರುದಿಲ್ವಾ?" ಅಂದರು. ಅಪ್ಪಟ ಗಂಡಸಿನ ದನಿ. ಸ್ವಲ್ಪ ಹೊತ್ತಿನಲ್ಲಿ ರಂಗಸ್ಥಳದಲ್ಲಿ ಅದೇ ಗಂಟಲಿನಿಂದ ಬಂದ ಅಳು ಕೇಳಿ ನಮ್ಮ ಅಜ್ಜ ಕಣ್ಣೊರೆಸಿಕೊಂಡರು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಆ ಕಲಾವಿದರು ನನ್ನ ಥರ ಅಂತ ನಾನು ಹೇಳುತ್ತಿಲ್ಲ. ಸ್ತ್ರೀವೇಷ ಮಾಡುವವರ ಬಗ್ಗೆ ಸುಮ್ನೆ ಏನೇನೋ ಆಡಿಕೊಳ್ಳುತ್ತಾರೆ, ಅದು ತಪ್ಪು. ಅದು ಕಸುಬು, ವರ್ಷಗಟ್ಟಲೆ ಕಲಿತು ಮಾಡುವ ಕೆಲಸ. ನನಗೆ ಅಲ್ಲಿ ಸಿಕ್ಕಿದ್ದು ಆ ಅರ್ಧ ಗಂಟೆ, ಅಂದರೆ ಮುಖ ಒಂದಾಗಿ ಕೈ ಇನ್ನೊಂದಾಗಿ ಇರುವ, ಸುತ್ತ ಇರುವ ಯಾರಿಗೂ ಅದರಿಂದ ಗಾಬರಿಯಾಗದ ಆ ಅರ್ಧ ಗಂಟೆ. ಶಾಲೆಯಲ್ಲಿ ನನ್ನ ನಡಿಗೆ ನೋಡಿ ನಗುತ್ತಿದ್ದ ಊರೇ ಇಲ್ಲಿ ಚಾಪೆ ಹಾಸಿಕೊಂಡು ಬೆಳಗಿನ ತನಕ ಕೂತು ನೋಡುತ್ತಿತ್ತು. ಇದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ನನ್ನ ಸ್ಕ್ರಿಪ್ಟಿನಲ್ಲಿ ಇರುವುದೂ ಇದೇ ಪ್ರಶ್ನೆ.

ಮುಂದೆ ಕಾಲೇಜಿಗೆ ಅಂತ ಬೆಂಗಳೂರಿಗೆ ಹೋದೆ. ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲಿ ಬಂತು. ನಾನು ಅದನ್ನು ಹಾಸ್ಟೆಲಿನಲ್ಲಿ ಪೇಪರ್ ಸುತ್ತಿ ಓದಿದೆ. ಇಂಗ್ಲಿಷಿನಲ್ಲಿ ಇಂಥ ಕಥೆ ಓದಿದ್ದೆ, ಆದರೆ ಅಲ್ಲಿನ ಹುಡುಗರ ನೋವು ಯಾವಾಗಲೂ ಸ್ವಲ್ಪ ದೂರದ್ದು. ಇಲ್ಲಿ ಪ್ರೀತಿಸಿದ ಗಂಡಸು ಹುಡುಗಿಯನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಯ ಹೊಟ್ಟೆಯಲ್ಲಿ ಆಗುವ ಸಂಕಟ ಕನ್ನಡದಲ್ಲಿತ್ತು, ನನ್ನ ಅಮ್ಮ ಮಾತಾಡುವ ಭಾಷೆಯಲ್ಲಿ. ನನ್ನ ಪಾತ್ರಗಳು ಕನ್ನಡದಲ್ಲೇ ಪ್ರೀತಿ ಮಾಡಬೇಕು, ಕನ್ನಡದಲ್ಲೇ ಜಗಳ ಆಡಬೇಕು ಅಂತ ಅವತ್ತೇ ತೀರ್ಮಾನ ಆಯಿತು.

ಇನ್ನು ಸಿನಿಮಾ. ನಾನು ಅತಿ ಜಾಸ್ತಿ ಸಲ ನೋಡಿದ್ದು ಥಾಯ್ಲೆಂಡಿನ ಅಪಿಚಾತ್ಪೋಂಗ್ ವೀರಸೇತಕುಲ್ ಅವರ 'ಟ್ರಾಪಿಕಲ್ ಮ್ಯಾಲಡಿ'. 2004ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದ ಚಿತ್ರ. ಒಬ್ಬ ಸೈನಿಕ, ಒಬ್ಬ ಹಳ್ಳಿ ಹುಡುಗ. ಮೊದಲರ್ಧ ಪೂರ್ತಿ ಅವರಿಬ್ಬರು ಸುತ್ತಾಡುವುದು, ಪಿಕ್ಚರ್ ನೋಡುವುದು, ಊಟ ಮಾಡುವುದು. ಯಾರೂ ಅವರನ್ನು ಹೊಡೆಯುವುದಿಲ್ಲ, ಯಾರೂ ಬೈಯುವುದಿಲ್ಲ. ಒಂದು ರಾತ್ರಿ ರಸ್ತೆಯಲ್ಲಿ ಸೈನಿಕ ಹುಡುಗನ ಕೈ ಹಿಡಿದು ಮೂಸುತ್ತಾನೆ. ಹುಡುಗ ತಿರುಗಿ ಅವನ ಕೈಯನ್ನು ಪ್ರಾಣಿ ನೆಕ್ಕುವ ಹಾಗೆ ನೆಕ್ಕುತ್ತಾನೆ. ಆಮೇಲೆ ಕತ್ತಲಲ್ಲಿ ನಡೆದು ಹೋಗಿಬಿಡುತ್ತಾನೆ. ಅಷ್ಟೇ. ಮುತ್ತೂ ಇಲ್ಲ, ಮಾತೂ ಇಲ್ಲ, ಆದರೆ ನನಗೆ ಮೈಯೆಲ್ಲ ಬಿಸಿಯಾಯಿತು. ಅಲ್ಲಿಗೆ ಆ ಕಥೆ ನಿಂತು ಇನ್ನೊಂದು ಕಥೆ ಶುರುವಾಗುತ್ತದೆ. ಅದೇ ನಟರು, ಆದರೆ ಈಗ ಸೈನಿಕ ಕಾಡಿನಲ್ಲಿ ಒಂದು ಹುಲಿಯನ್ನು ಹುಡುಕುತ್ತಿದ್ದಾನೆ, ಆ ಹುಲಿ ಮನುಷ್ಯನ ರೂಪವನ್ನೂ ತಾಳಬಲ್ಲದು.

ಬೆಂಗಳೂರಿನ ಗೆಳೆಯರು ಎರಡನೇ ಅರ್ಧ ಅರ್ಥವೇ ಆಗಲಿಲ್ಲ ಅಂದರು. ನನಗೆ ಏನೂ ಕಷ್ಟ ಆಗಲಿಲ್ಲ ಮಾರಾಯ್ರೇ, ಯಾಕೆಂದರೆ ನಾನು ಉಡುಪಿಯವನು. ವಿಟ್ಲಪಿಂಡಿಗೆ, ಅಂದರೆ ನಮ್ಮ ಕೃಷ್ಣಾಷ್ಟಮಿಯ ಉತ್ಸವಕ್ಕೆ, ಹುಲಿವೇಷ ಹಾಕುವ ಹುಡುಗರು ಕೈಗಳನ್ನು ಅಗಲಕ್ಕೆ ಚಾಚಿ, ಕೋಲು ಹಿಡಿದುಕೊಂಡು, ಬಣ್ಣ ಒಣಗುವ ತನಕ ಗಂಟೆಗಟ್ಟಲೆ ನಿಂತಿರುವುದನ್ನು ನೋಡಿದ್ದೇನೆ. ಹಳದಿ ಮೇಲೆ ಕಪ್ಪು ಪಟ್ಟೆ ಎಳೆಯುವ ಬ್ರಶ್ಶು ಬೆನ್ನಿನ ಮೇಲೆ ಇಳಿಯುವಾಗ ಚರ್ಮ ಸಣ್ಣಗೆ ನಡುಗುತ್ತದೆ. ಲೋಬಾನದ ಹೊಗೆ, ತಾಸೆಯ ಸದ್ದು. ಬೆಳಗ್ಗೆ ತನಕ ಪಕ್ಕದ ಮನೆಯ ಅಣ್ಣನಾಗಿದ್ದವನು ಹುಲಿಯಾಗಿ ರಸ್ತೆಗೆ ಇಳಿಯುತ್ತಾನೆ. ನಾನು ಹದಿಹರೆಯದಲ್ಲಿ ಆ ಮೈಗಳನ್ನು ಎಷ್ಟು ಆಸೆಯಿಂದ, ಎಷ್ಟು ಹೆದರಿಕೊಂಡು ನೋಡುತ್ತಿದ್ದೆ ಅಂದರೆ, ಯಾರಾದರೂ ನನ್ನ ಕಣ್ಣು ನೋಡಿಬಿಟ್ಟರೆ ಅಂತ ಆಗಾಗ ಚಪ್ಪಲಿ ನೋಡಿಕೊಳ್ಳುತ್ತಿದ್ದೆ. ಆ ಭಯವೂ ಆ ಆಸೆಯೂ ಹುಲಿಯಾಗಿ ಕಾಡಿನಲ್ಲಿ ನಿಂತಿದ್ದನ್ನು ಥಾಯ್ಲೆಂಡಿನ ಒಬ್ಬರು ತೋರಿಸಿದರು. ಊರಿನ ನಂಬಿಕೆಯ ಕಥೆಯನ್ನು ಊರಿನ ಹುಡುಗನ ಪ್ರೀತಿಯ ಪಕ್ಕದಲ್ಲಿ ಇಡಬಹುದು ಅಂತ ನಾನು ಕಲಿತದ್ದು ಅವರಿಂದ.

ಬಂಗಾಳದ ಋತುಪರ್ಣ ಘೋಷ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಅವರು ನಿರ್ದೇಶಿಸಿ ನಟಿಸಿದ 'ಚಿತ್ರಾಂಗದಾ' (2012) ದೊಡ್ಡ ಚಿತ್ರ, ಸರಿ. ಆದರೆ ನನ್ನ ಮನಸ್ಸಿಗೆ ಹತ್ತಿರ ಇರುವುದು ಕೌಶಿಕ್ ಗಂಗೂಲಿ ನಿರ್ದೇಶನದ 2010ರ 'ಆರೇಕ್‌ಟಿ ಪ್ರೇಮೇರ್ ಗೊಲ್ಪೊ'. ಚಪಲ್ ಭಾದುರಿ ಅಂತ ಬಂಗಾಳದ ಜಾತ್ರಾ ರಂಗಭೂಮಿಯಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಹಿರಿಯ ನಟ, ಅವರ ಬದುಕಿನ ಕಥೆ. ಭಾದುರಿ ತಾವೇ ತಾವಾಗಿ ಕಾಣಿಸಿಕೊಂಡಿದ್ದಾರೆ. ಅವರ ಮೇಲೆ ಸಾಕ್ಷ್ಯಚಿತ್ರ ಮಾಡಲು ಬರುವ ನಿರ್ದೇಶಕನಾಗಿಯೂ, ಯೌವನದ ಚಪಲ್ ಆಗಿಯೂ ಋತುಪರ್ಣ ನಟಿಸಿದ್ದಾರೆ. ಅದನ್ನು ನೋಡುವಾಗ ನನಗೆ ಚೌಕಿಯ ಆ ಸೋಪಿನ ವಾಸನೆ ಬಂತು. 2013ರ ಮೇ 30ರಂದು ಋತುಪರ್ಣ ತೀರಿಕೊಂಡಾಗ ಅವರಿಗೆ ಬರೀ 49. ಒಂದು ಸಲವಾದರೂ ಎದುರು ಕೂತು ಮಾತಾಡಬೇಕಿತ್ತು ಅಂತ ನನಗೆ ಅನ್ನಿಸುವುದು ಇವರೊಬ್ಬರ ಜೊತೆ.

ಇಂಗ್ಲೆಂಡಿನ ನಿರ್ದೇಶಕ ಡೆರೆಕ್ ಜಾರ್ಮನ್ ಅವರ 'ಬ್ಲೂ' (1993) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಏಡ್ಸ್‌ನಿಂದ ಕಣ್ಣು ಹೋಗುತ್ತಿದ್ದಾಗ ಮಾಡಿದ ಚಿತ್ರ. ಒಂದು ಗಂಟೆಗೂ ಮೀರಿ ಪರದೆಯ ಮೇಲೆ ಬರೀ ನೀಲಿ ಬಣ್ಣ, ಬೇರೇನೂ ಇಲ್ಲ. ಮಾತು, ಸದ್ದು, ಸಂಗೀತ ಮಾತ್ರ. ಮುಂದಿನ ವರ್ಷವೇ ಅವರು ತೀರಿಕೊಂಡರು. ಇದನ್ನು ಹೇಗೆ ನೋಡುವುದು ಅಂತ ಕೇಳುವವರಿಗೆ ನಾನು ಯಕ್ಷಗಾನದ ತಾಳಮದ್ದಳೆಗೆ ಹೋಗಿ ಅನ್ನುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಉಟ್ಟವರು ಕೂತು ಮಾತಾಡುತ್ತಾರೆ, ಆದರೂ ಕರ್ಣ ಸತ್ತಾಗ ನಮಗೆ ಕಾಣುತ್ತದೆ, ಅಲ್ವಾ?

ಎರಡು ವರ್ಷದ ಹಿಂದೆ ನನ್ನ ಸ್ಕ್ರಿಪ್ಟನ್ನು ಒಬ್ಬ ನಿರ್ಮಾಪಕರಿಗೆ ಕೊಟ್ಟಿದ್ದೆ. ಚೆನ್ನಾಗಿದೆ, ಆದರೆ ಇಬ್ಬರಲ್ಲಿ ಒಬ್ಬನನ್ನು ಹುಡುಗಿ ಮಾಡಿದರೆ ನಾಳೆಯೇ ಅಡ್ವಾನ್ಸ್ ಕೊಡುತ್ತೇನೆ ಅಂದರು. ಮನೆಗೆ ಬಂದು ಅತ್ತುಬಿಟ್ಟೆ. ಆಗ ನನಗೆ ಬಲ ಕೊಟ್ಟದ್ದು ನಮ್ಮ ಮಂಡ್ಯ ಮೂಲದ ನಿರ್ದೇಶಕ ಶ್ರೀಧರ ರಂಗಾಯನ್ ಅವರ ಕಥೆ. ಅವರ 'ಗುಲಾಬಿ ಆಯ್ನಾ'ಗೆ 2003ರಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಅವರು ಸುಮ್ಮನಾಗಲಿಲ್ಲ. ಚಿತ್ರ ದೇಶವಿದೇಶದ ಉತ್ಸವಗಳಿಗೆ ಹೋಯಿತು, 2010ರಲ್ಲಿ ಮುಂಬಯಿಯಲ್ಲಿ 'ಕಶಿಶ್' ಚಿತ್ರೋತ್ಸವ ಶುರು ಮಾಡಿದರು. ನನ್ನಂಥವರ ಚಿತ್ರಕ್ಕೆ ಒಂದು ಪರದೆ ಇದೆ ಅನ್ನುವುದು ಅಂಥವರು ಮೊದಲೇ ದುಡಿದಿಟ್ಟದ್ದು.

ಕೊನೆಗೆ ಸ್ಪೇನಿನ ನಿರ್ದೇಶಕ ಪೆದ್ರೋ ಅಲ್ಮೊದೋವರ್. 1949ರಲ್ಲಿ ಲಾ ಮಾಂಚಾದ ಸಣ್ಣ ಊರಲ್ಲಿ ಹುಟ್ಟಿದವರು. ಮ್ಯಾಡ್ರಿಡ್‌ನಲ್ಲಿ ಟೆಲಿಫೋನ್ ಕಂಪನಿಯಲ್ಲಿ ಸುಮಾರು ಹನ್ನೆರಡು ವರ್ಷ ಕೆಲಸ ಮಾಡಿದರು. ಸಂಬಳದಲ್ಲಿ 'ಸೂಪರ್ 8' ಅನ್ನುವ ಸಣ್ಣ ಫಿಲ್ಮ್ ಕ್ಯಾಮೆರಾ ಕೊಂಡು, ಸದ್ದಿಲ್ಲದ ಸಣ್ಣ ಚಿತ್ರಗಳನ್ನು ತೆಗೆದು, ತೋರಿಸುವಾಗ ತಾವೇ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ಹೇಳುತ್ತಿದ್ದರಂತೆ. ಆಫೀಸ್ ಕೆಲಸ ಮಾಡಿಕೊಂಡು ರಾತ್ರಿ ಬರೆಯುವ ನನಗೆ ಇದೇ ಸಾಕಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ತಮ್ಮ ತಾಯಿಯ ಬಗ್ಗೆ ಬರೆದ ಒಂದು ಸಂಗತಿ. ಅವರ ಬಾಲ್ಯದಲ್ಲಿ ತಾಯಿ ಅಕ್ಷರ ಬಾರದ ನೆರೆಯವರಿಗೆ ಬಂದ ಕಾಗದ ಓದಿ ಹೇಳುತ್ತಿದ್ದರು. ಹುಡುಗ ಪೆದ್ರೋ ಪಕ್ಕದಲ್ಲಿ ನಿಂತು ಇಣುಕಿದರೆ, ಅಮ್ಮ ಓದುತ್ತಿರುವ ಎಷ್ಟೋ ಮಾತು ಕಾಗದದಲ್ಲಿ ಇಲ್ಲವೇ ಇಲ್ಲ! ಅಜ್ಜಿಯನ್ನು ನೆನೆಸಿಕೊಂಡಿದ್ದಾರೆ ಅಂತ ಯಾಕೆ ಓದಿದೆ, ಅಲ್ಲಿ ಹಾಗೆ ಇಲ್ಲವಲ್ಲ ಅಂತ ಕೇಳಿದರೆ, ಅವಳಿಗೆ ಎಷ್ಟು ಖುಷಿ ಆಯಿತು ನೋಡಿದೆಯಾ ಅಂದರಂತೆ. ಕಥೆ ಯಾಕೆ ಬೇಕು ಅನ್ನುವುದನ್ನು ತಾನು ಕಲಿತದ್ದು ಅಲ್ಲಿ ಅನ್ನುತ್ತಾರೆ ಅವರು. ತಾಯಿಯನ್ನು ತಮ್ಮ ಚಿತ್ರಗಳಲ್ಲಿ ನಟಿಸುವಂತೆಯೂ ಮಾಡಿದರು.

ನಮ್ಮ ತಾಳಮದ್ದಳೆಯಲ್ಲಿ ಇದನ್ನೇ ಅರ್ಥಗಾರಿಕೆ ಅನ್ನುತ್ತೇವೆ. ಪದ್ಯದಲ್ಲಿ ಎರಡು ಸಾಲು ಇರುತ್ತದೆ, ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ. ನಮ್ಮ ಅಮ್ಮನೂ ಅರ್ಥಧಾರಿ. ನಾನು ಅವಳಿಗೆ ನನ್ನ ವಿಷಯ ಹೇಳಿದ್ದು 2018ರ ಸೆಪ್ಟೆಂಬರಿನಲ್ಲಿ, ಸಲಿಂಗ ಸಂಬಂಧ ಅಪರಾಧವಲ್ಲ ಅನ್ನುವ ಸುಪ್ರೀಂ ಕೋರ್ಟಿನ ತೀರ್ಪು ಟಿವಿಯಲ್ಲಿ ಬಂದ ವಾರ. ಅವಳು ಏನೂ ಹೇಳದೆ ಎದ್ದು ಹೋಗಿ ನನಗೆ ಊಟ ಬಡಿಸಿದಳು. ಆಮೇಲೆ ಸಂಬಂಧಿಕರು ಫೋನ್ ಮಾಡಿ ಮಗನ ಮದುವೆ ಯಾವಾಗ ಅಂತ ಕೇಳಿದಾಗಲೆಲ್ಲ ಅವಳು ಒಂದೊಂದು ಕಥೆ ಹೇಳುತ್ತಾಳೆ. ಒಮ್ಮೆ ಜಾತಕ ಕೂಡಿಬರಲಿಲ್ಲ, ಒಮ್ಮೆ ಅವನಿಗೆ ಮೊದಲು ಪಿಕ್ಚರ್ ಮುಗಿಸಬೇಕಂತೆ, ಒಮ್ಮೆ ಗುರುಬಲ ಇಲ್ಲ. ನನಗೆ ಮೊದಲು ಸಿಟ್ಟು ಬರುತ್ತಿತ್ತು, ಮುಚ್ಚಿಡುತ್ತಾಳೆ ಅಂತ. ಅಲ್ಮೊದೋವರ್ ಅವರ ಆ ಪುಟ ಓದಿದ ಮೇಲೆ ಆ ಫೋನುಗಳನ್ನು ಬೇರೆ ಥರ ಕೇಳಲು ಶುರು ಮಾಡಿದೆ. ಅವಳು ನನ್ನ ಸುತ್ತ ಬೇಲಿ ಕಟ್ಟುತ್ತಿದ್ದಾಳೆ, ತನಗೆ ಬರುವ ಒಂದೇ ಸಾಮಾನಿನಿಂದ.

ಹಾಗಾಗಿ ನನ್ನ ಸ್ಕ್ರಿಪ್ಟಿನ ಮೊದಲ ದೃಶ್ಯ ಈಗ ಬದಲಾಗಿದೆ. ಬೆಳಗ್ಗೆ ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾಳೆ. ನಮ್ಮ ಕಡೆ ಶಂಕರಪುರ ಮಲ್ಲಿಗೆ ಮನೆಮನೆಯಲ್ಲಿ ಕಟ್ಟುತ್ತಾರೆ, ಬಾಳೆನಾರಿನಲ್ಲಿ, ಒಂದು ಚೆಂಡಿಗೆ 800 ಮೊಗ್ಗು. ಫೋನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡಿದ್ದಾಳೆ. ಕ್ಯಾಮೆರಾ ಅವಳ ಮುಖ ನೋಡುವುದಿಲ್ಲ, ಕೈ ನೋಡುತ್ತದೆ. ಮೊಗ್ಗು ಇಡುವುದು, ನಾರು ಸುತ್ತುವುದು, ಎಳೆಯುವುದು. ಆ ಕಡೆಯಿಂದ ಪ್ರಶ್ನೆ ಬರುತ್ತದೆ, ನಮಗೆ ಕೇಳಿಸುವುದಿಲ್ಲ. ಕೈ ನಿಲ್ಲುತ್ತದೆ. ನಾರು ಅರ್ಧ ಸುತ್ತಿದ್ದು ಹಾಗೇ ಇದೆ. ಆಮೇಲೆ ಅವಳು ಕಥೆ ಹೇಳಲು ಶುರು ಮಾಡುತ್ತಾಳೆ, ಕೈ ಮತ್ತೆ ಓಡುತ್ತದೆ. ಮೊಬೈಲಿನಲ್ಲಿ ಒಂದು ಸಲ ಶೂಟ್ ಮಾಡಿ ನೋಡಿದೆ, ನಿಜವಾದ ಅಮ್ಮನನ್ನೇ ಕೂರಿಸಿಕೊಂಡು. ಕೈ ಎಷ್ಟು ಹೊತ್ತು ನಿಲ್ಲಬೇಕು ಅಂತ ಅವಳು ಕೇಳಿದಳು. ನಾಲ್ಕು ಸೆಕೆಂಡ್ ಅಂದೆ. "ನಾಲ್ಕು ಸಾಕಾಗುದಿಲ್ಲ" ಅಂದಳು.