ಮುಂದಿನ ಟೆಸ್ಟಿನವರೆಗೆ ಮಾತ್ರ

ನಮಸ್ಕಾರ.

ಮನೆಯ ಜೀವವೊಂದು ಹೋಗಿದೆ. ಆ ದುಃಖ ಇನ್ನೂ ಹಸಿಯಾಗಿಯೇ ಇದೆ. ಅಷ್ಟರಲ್ಲಿ ಕೆಮ್ಮು ಅಂತಲೋ ಬೇರೆ ಯಾವುದಕ್ಕೋ ತೆಗೆಸಿದ ಎದೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಒಂದು ಗಂಟು ಕಾಣಿಸಿದೆ. "ಈಗಲೇ ಏನೂ ಹೇಳೋಕೆ ಆಗಲ್ಲ, ಇನ್ನೊಂದೆರಡು ಟೆಸ್ಟ್ ಮಾಡಿಸೋಣ" ಅಂದಿದ್ದಾರೆ ಡಾಕ್ಟರು. ಮನೆಗೆ ಬಂದರೆ ಇದನ್ನು ಹೇಳಿಕೊಳ್ಳಲು ಯಾರೂ ಇಲ್ಲ. ಯಾರಿಗೆ ಮೊದಲು ಹೇಳುತ್ತಿದ್ದಿರೋ, ಹೋಗಿರುವುದು ಅವರೇ.

ಈ ಸ್ಥಿತಿಯಲ್ಲಿ ಇರುವವರ ಜೊತೆ ಮಾತಾಡಬೇಕು ಅಂತ ಇವತ್ತು ಕೂತಿದ್ದೇನೆ. ಉಳಿದವರೂ ಕೇಳಿ. ನಿಮ್ಮ ಬಳಗದಲ್ಲೇ ಒಬ್ಬರು ಇದನ್ನು ಯಾರಿಗೂ ಹೇಳದೆ ಓಡಾಡುತ್ತಿರಬಹುದು.

ನಾನು ಹೇಳಬೇಕಿರುವುದು ಒಂದೇ ವಿಷಯ. ಚಿಕಿತ್ಸೆ ಬೇಕೋ ಬೇಡವೋ, ಇನ್ನು ಯಾರಿಗಾಗಿ ಬದುಕಬೇಕು, ಇಂಥ ದೊಡ್ಡ ಪ್ರಶ್ನೆಗಳಿಗೆಲ್ಲ ಈಗ ಉತ್ತರ ಕೊಡಬೇಡಿ. ಮುಂದಿನ ಟೆಸ್ಟ್ ಯಾವುದೋ ಅದೊಂದನ್ನು ಮಾಡಿಸಿ. ಅದರ ರಿಪೋರ್ಟ್ ಬಂದ ಮೇಲೆ ಅದರ ಮುಂದಿನದು. ಅಷ್ಟೇ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ದುಃಖದಲ್ಲಿ ಇರುವವರ ಬಾಯಲ್ಲಿ ಒಂದು ಮಾತು ನಾನು ಕೇಳಿದ್ದೇನೆ. "ಇರಲಿ ಬಿಡು. ಇದೇ ಆದರೆ ಆಗಲಿ. ನಾನೂ ಅವರ ಹಿಂದೆಯೇ ಹೋಗ್ತೀನಿ." ತುಂಬ ಸಮಾಧಾನದಿಂದ ಹೇಳುತ್ತಾರೆ. ಕೇಳಿದವರು ಗಾಬರಿಯಾಗಿ "ಹಾಗೆಲ್ಲ ಮಾತಾಡಬಾರದು" ಅಂತ ಬಾಯಿ ಮುಚ್ಚಿಸುತ್ತಾರೆ. ಹಾಗೆ ಮುಚ್ಚಿಸುವುದು ತಪ್ಪು ಅಂತ ನನಗೆ ಅನಿಸುತ್ತದೆ. ಜೀವದ ಅರ್ಧ ಹೋದವರಿಗೆ ಇಂಥ ಯೋಚನೆ ಬರುವುದು ಅಪರೂಪವಲ್ಲ. ಬಂತು ಅಂತ ನಾಚಿಕೆಪಡಬೇಕಾಗಿಲ್ಲ. ಆದರೆ ಈ ಯೋಚನೆ ಬದಲಾಗುತ್ತದೆ. ಆರು ತಿಂಗಳ ನಂತರ ನೀವು ಬೇರೆಯದೇ ಹೇಳಬಹುದು. ಗಂಟು ಕ್ಯಾನ್ಸರ್ ಆಗಿದ್ದರೆ ಅದು ಆ ಆರು ತಿಂಗಳು ಸುಮ್ಮನೆ ಕೂತಿರುವುದಿಲ್ಲ. ಚಿಕ್ಕದಿದ್ದಾಗ, ಒಂದೇ ಕಡೆ ಇದ್ದಾಗ, ಆಪರೇಷನ್ ಮಾಡಿ ಪೂರ್ತಿ ತೆಗೆದು ಗುಣಪಡಿಸುವ ಅವಕಾಶ ಇರುತ್ತದೆ. ಹರಡಿದ ಮೇಲೆ ಆ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಇವತ್ತಿನ ದುಃಖ ತೆಗೆದುಕೊಂಡ ನಿರ್ಧಾರಕ್ಕೆ ಮುಂದಿನ ವರ್ಷದ ನೀವು ಬೆಲೆ ತೆರಬಾರದು ಅಲ್ವಾ?

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. "ಹೋದರೆ ಹೋಗಲಿ" ಅನ್ನುವುದು ದಾಟಿ, ಹೇಗೆ ಹೋಗುವುದು ಅಂತ ಮನಸ್ಸು ಲೆಕ್ಕ ಹಾಕಲು ಶುರು ಮಾಡಿದ್ದರೆ, ಈ ವಿಡಿಯೋ ನಿಲ್ಲಿಸಿ. ಡಾಕ್ಟರಿಗೋ, ಸಹಾಯವಾಣಿಗೋ, ಪಕ್ಕದ ಮನೆಯವರಿಗೋ ಈಗಲೇ ಹೇಳಿ. ನಾಳೆಗೆ ಇಡಬೇಡಿ.

ಈಗ ದೇಹದ ವಿಚಾರಕ್ಕೆ ಬರೋಣ. ದುಃಖಕ್ಕೂ ಶ್ವಾಸಕೋಶದ ಕಾಯಿಲೆಗೂ ಲಕ್ಷಣಗಳು ಬಹಳ ಕಡೆ ಒಂದೇ ಥರ. ಊಟ ಸೇರುವುದಿಲ್ಲ. ತೂಕ ಇಳಿಯುತ್ತದೆ. ಸುಸ್ತು. ಎದೆ ಬಿಗಿ. ಉಸಿರು ಪೂರ್ತಿ ಒಳಗೆ ಹೋಗಲಿಲ್ಲವೇನೋ ಅನ್ನುವ ಹಾಗೆ ಪದೇ ಪದೇ ನಿಟ್ಟುಸಿರು. ಹಾಗಾಗಿ ಎರಡೂ ಕಡೆ ಮೋಸ ಹೋಗಬಹುದು. ಬರೀ ದುಃಖದ ಸುಸ್ತನ್ನು ಕ್ಯಾನ್ಸರ್ ಅಂತ ಹೆದರುವವರಿದ್ದಾರೆ. ನಿಜವಾದ ಲಕ್ಷಣವನ್ನು "ಮನಸ್ಸಿಗೆ ಬೇಜಾರು, ಅದಕ್ಕೇ ಹೀಗೆ" ಅಂತ ತಳ್ಳಿಹಾಕುವವರೂ ಇದ್ದಾರೆ. ಈ ಎರಡನೆಯವರ ಬಗ್ಗೆ ನನಗೆ ಹೆಚ್ಚು ಚಿಂತೆ. ಮೂರು ವಾರ ದಾಟಿದ ಕೆಮ್ಮನ್ನು ದುಃಖದ ಲೆಕ್ಕಕ್ಕೆ ಹಾಕಬೇಡಿ. ಕಫದಲ್ಲಿ ರಕ್ತ ದುಃಖದಿಂದ ಬರುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ "ನಮ್ಮವರು ತೀರಿಕೊಂಡು ಇಷ್ಟು ದಿನ ಆಯಿತು" ಅಂತಲೂ ಹೇಳಿ, "ಆದರೂ ಇದನ್ನು ಬೇರೆಯಾಗಿಯೇ ನೋಡಿ" ಅಂತಲೂ ಹೇಳಿ.

ಇನ್ನು ಆ ಗಂಟು. ರಿಪೋರ್ಟಿನಲ್ಲಿ ನಾಡ್ಯೂಲ್ ಅಂತ ಬರೆದಿರುತ್ತಾರೆ. 3 ಸೆಂಟಿಮೀಟರ್ ಒಳಗಿದ್ದರೆ ನಾಡ್ಯೂಲ್, ಅದಕ್ಕಿಂತ ದೊಡ್ಡದಾದರೆ ಮಾಸ್. ರಾತ್ರಿ ಎರಡು ಗಂಟೆಗೆ ಆ ರಿಪೋರ್ಟನ್ನು ಮತ್ತೆ ತೆಗೆದು, ಕೊನೆಯ ಸಾಲಿನ "ಮ್ಯಾಲಿಗ್ನೆನ್ಸಿ", ಅಂದರೆ ಕ್ಯಾನ್ಸರ್, ಅನ್ನುವ ಪದವನ್ನೇ ನೋಡುತ್ತಾ ಕೂರುವುದು ಏನೆಂದು ನನಗೆ ಗೊತ್ತು. ಆ ಪದದ ಹಿಂದೆಯೋ ಮುಂದೆಯೋ "ಇದೆಯೋ ಇಲ್ಲವೋ ಖಚಿತಪಡಿಸಿಕೊಳ್ಳಿ" ಅನ್ನುವ ಅರ್ಥದ ಮಾತೂ ಇರುತ್ತದೆ. ಕಣ್ಣಿಗೆ ಅದು ಬೀಳುವುದೇ ಇಲ್ಲ.

ಅಮೆರಿಕದಲ್ಲಿ ಜಾಸ್ತಿ ಸಿಗರೇಟು ಸೇದಿದ್ದ 53,000ಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2011ರಲ್ಲಿ ಫಲಿತಾಂಶ ಬಂತು. ಅಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಏನಾದರೊಂದು ಅನುಮಾನದ ಗುರುತು ಕಂಡಿತ್ತು. ಹಾಗೆ ಕಂಡವುಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಹಳೆಯ ಟಿ.ಬಿ. ಕಲೆ, ವಾಸಿಯಾದ ಸೋಂಕಿನ ಗುರುತು, ಚಿಕ್ಕ ದುಗ್ಧರಸ ಗ್ರಂಥಿ (ಲಿಂಫ್ ನೋಡ್), ಹೀಗೆ ಏನೇನೋ ಇರಬಹುದು. ಅದೇ ಅಧ್ಯಯನದಲ್ಲಿ ಆ ಸ್ಕ್ಯಾನ್‌ನಿಂದಾಗಿ ಶ್ವಾಸಕೋಶದ ಕ್ಯಾನ್ಸರಿನ ಸಾವು 20% ಕಡಿಮೆಯಾಗಿತ್ತು. ಅಂದರೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಇದ್ದದ್ದನ್ನು ಬೇಗ ಹಿಡಿದರೆ ಜೀವ ಉಳಿಯುತ್ತದೆ. ಎರಡೂ ನಿಜ. ಯಾವ ತೊಂದರೆಯೂ ಇಲ್ಲದವರಲ್ಲಿ ತಪಾಸಣೆಗೆಂದು ತೆಗೆದ ಸ್ಕ್ಯಾನ್‌ಗಳ ಲೆಕ್ಕ ಅದು. ನಿಮ್ಮ ಗಂಟು ದೊಡ್ಡದಿದ್ದು, ಅಂಚು ಮುಳ್ಳುಮುಳ್ಳಾಗಿದ್ದು, ಲಕ್ಷಣಗಳೂ ಇದ್ದರೆ ಆ 96 ನಿಮಗೆ ಹಾಗೇ ಅನ್ವಯಿಸುವುದಿಲ್ಲ. ಅದಕ್ಕೇ ಟೆಸ್ಟ್ ಬೇಕಾಗಿರುವುದು.

"ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ" ಅಂದರೆ ನಿಮ್ಮನ್ನು ಕೈಬಿಟ್ಟರು ಅಂತ ಅಂದುಕೊಳ್ಳಬೇಡಿ. ಬೆಳೆಯುತ್ತದೋ ಇಲ್ಲವೋ ನೋಡುವುದೇ ಅಲ್ಲಿನ ಪರೀಕ್ಷೆ. ಗಟ್ಟಿ ಗಂಟೊಂದು ಎರಡು ವರ್ಷ ಇದ್ದ ಹಾಗೇ ಇದ್ದರೆ ಅದು ಕ್ಯಾನ್ಸರ್ ಅಲ್ಲ ಅಂತಲೇ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೆ ಮನೆಯಲ್ಲಿ ಹಳೆಯ ಎಕ್ಸ್‌ರೇ, ಹಳೆಯ ಸ್ಕ್ಯಾನ್ ಇದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ನಾಲ್ಕು ವರ್ಷ ಹಿಂದಿನ ಫಿಲ್ಮಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ಗಾತ್ರದ ಚುಕ್ಕೆ ಇದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಹೊಳೆಯಿತು ಅಂದರೂ ಅದೇ ಕೊನೆಯ ಮಾತಲ್ಲ. ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವ ಜಾಗ ಅಲ್ಲಿ ಹೊಳೆಯುತ್ತದೆ. ಟಿ.ಬಿ.ಯೂ ಹೊಳೆಯುತ್ತದೆ, ಸೋಂಕೂ ಹೊಳೆಯುತ್ತದೆ. ಗಟ್ಟಿಯಾಗಿ ಹೇಳುವುದು ಬಯಾಪ್ಸಿ, ಅಂದರೆ ಗಂಟಿನ ಒಂದು ಚೂರು ತೆಗೆದು ಪರೀಕ್ಷಿಸುವುದು.

ಹೋದವರು ಕ್ಯಾನ್ಸರಿನಿಂದಲೇ ಹೋಗಿದ್ದರೆ? ಇದು ಎಲ್ಲಕ್ಕಿಂತ ಕಷ್ಟ. ಆ ಆಸ್ಪತ್ರೆಯ ವಾಸನೆ, ಆ ಕಾರಿಡಾರು, ಕೊನೆಯ ವಾರ, ಎಲ್ಲ ಕಣ್ಣ ಮುಂದೆಯೇ ಇರುತ್ತದೆ. "ಅವರಿಗೂ ಹೀಗೇ ಶುರುವಾಗಿದ್ದು" ಅನ್ನುವ ಮಾತು ತಲೆಯಿಂದ ಹೋಗುವುದಿಲ್ಲ. ನಿಮಗೆ ನಾನು ಹೇಳುವುದು ಇಷ್ಟು. ನಿಮ್ಮ ದೇಹದಲ್ಲಿ ಇರುವುದು ಅವರ ಕಾಯಿಲೆ ಅಲ್ಲ. ಶ್ವಾಸಕೋಶದ ಕ್ಯಾನ್ಸರ್ ಅಂದರೂ ಒಂದೇ ಅಲ್ಲ. ಸ್ಮಾಲ್ ಸೆಲ್ ಬೇರೆ, ನಾನ್ ಸ್ಮಾಲ್ ಸೆಲ್ ಬೇರೆ. ಅದರೊಳಗೆ ಇ.ಜಿ.ಎಫ್.ಆರ್., ಎ.ಎಲ್.ಕೆ. ಅಂತ ಜೀನ್ ಬದಲಾವಣೆಗಳಿವೆ. ಅವು ಇದ್ದವರಲ್ಲಿ ಬಹಳ ಜನರಿಗೆ ಮಾತ್ರೆಯಿಂದಲೇ ಚಿಕಿತ್ಸೆ ನಡೆಯುತ್ತದೆ. ಯಾವ ಹಂತದಲ್ಲಿ ಸಿಕ್ಕಿತು ಅನ್ನುವುದು ಎಲ್ಲವನ್ನೂ ಬದಲಿಸುತ್ತದೆ. ಅವರ ಕೊನೆಯನ್ನು ನಿಮ್ಮ ಶುರುವಿಗೆ ಅಂಟಿಸಬೇಡಿ.

ಸಿಗರೇಟಿನ ಪ್ರಶ್ನೆ ಬೇಗ ಮುಗಿಸುತ್ತೇನೆ, ಯಾಕೆಂದರೆ ನನಗೆ ಅದರ ಮೇಲೆ ಸಿಟ್ಟಿದೆ. ಡಾಕ್ಟರು ಕೇಳಲೇಬೇಕು, ನೀವು ನಿಜ ಹೇಳಲೇಬೇಕು. ಉಳಿದವರು ಕೇಳುವ "ಸೇದ್ತಿದ್ರಾ?" ಅನ್ನುವ ಪ್ರಶ್ನೆಯಲ್ಲಿ ತೀರ್ಪು ಇರುತ್ತದೆ. ಒಂದು ಸಲವೂ ಸೇದದವರಿಗೂ ಈ ಕಾಯಿಲೆ ಬರುತ್ತದೆ. ಸೇದಿದವರಿಗೆ ಬಂದರೂ ಅದು ಶಿಕ್ಷೆಯಲ್ಲ. ಅವರಿಗೆ ಉತ್ತರ ಕೊಡಬೇಕಾದ ಅಗತ್ಯ ನಿಮಗಿಲ್ಲ.

ಈಗ ಒಂಟಿತನ. ಇದರ ಬಗ್ಗೆ ಜನ ಬಹಳ ಮೇಲೆ ಮೇಲೆ ಮಾತಾಡುತ್ತಾರೆ. ಆಸ್ಪತ್ರೆಯ ಫಾರಂನಲ್ಲಿ ಒಂದು ಸಾಲು ಇರುತ್ತದೆ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು. ನನ್ನ ಹತ್ತಿರದವರೊಬ್ಬರು ಗಂಡ ಹೋದ ಮೇಲೆ ಆ ಫಾರಂ ತುಂಬುವಾಗ ಅವರ ಕೈ ತಾನಾಗಿ ಗಂಡನ ಹೆಸರಿನ ಮೊದಲ ಅಕ್ಷರ ಬರೆದುಬಿಟ್ಟಿತು. ಅಲ್ಲಿಗೆ ನಿಂತಿತು. ಕೌಂಟರಿನಲ್ಲಿದ್ದ ಹುಡುಗಿ "ಬೇಗ ಕೊಡಿ ಮೇಡಂ" ಅನ್ನುತ್ತಿದ್ದಳು. ಅವರು ಆ ಅಕ್ಷರವನ್ನು ಹೊಡೆದು ಹಾಕಲಾರದೆ ಹೊಸ ಫಾರಂ ಕೇಳಿದರು. ಹೊಸದರಲ್ಲಿ ಆ ಸಾಲು ಖಾಲಿ ಬಿಟ್ಟರು.

ಆ ಖಾಲಿ ಸಾಲು ಬರೀ ಮನಸ್ಸಿನ ನೋವಲ್ಲ, ಚಿಕಿತ್ಸೆಗೇ ಅಡ್ಡಿ. ಬ್ರಾಂಕೋಸ್ಕೋಪಿ ಅಂದರೆ ಮೂಗು ಅಥವಾ ಬಾಯಿಯಿಂದ ತೆಳ್ಳಗಿನ ಕೊಳವೆ ಇಳಿಸಿ ಶ್ವಾಸನಾಳದೊಳಗೆ ನೋಡುವುದು. ಸಾಮಾನ್ಯವಾಗಿ ಮಂಪರಿನ ಮದ್ದು ಕೊಟ್ಟಿರುತ್ತಾರೆ. ಹಾಗಾಗಿ ವಾಪಸ್ ಕರೆದುಕೊಂಡು ಹೋಗಲು ಒಬ್ಬರು ಇರಬೇಕು ಅಂತ ಕೇಳುತ್ತಾರೆ. ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ಶ್ವಾಸಕೋಶದ ಸುತ್ತ ಗಾಳಿ ಸೇರುವ ಅಪಾಯ ಇರುವುದರಿಂದ ಕೆಲವು ಗಂಟೆ ನಿಗಾದಲ್ಲಿ ಇಡುತ್ತಾರೆ. ಅಲ್ಲೂ ಅದೇ ಪ್ರಶ್ನೆ. "ಜೊತೆಗೆ ಯಾರು ಬಂದಿದ್ದಾರೆ?" ಯಾರೂ ಇಲ್ಲದವರು ಏನು ಮಾಡುತ್ತಾರೆ? ದಿನಾಂಕ ಮುಂದಕ್ಕೆ ಹಾಕುತ್ತಾರೆ. ಮತ್ತೆ ಮುಂದಕ್ಕೆ ಹಾಕುತ್ತಾರೆ. ಹೇಳಿಕೊಳ್ಳಲು ಸಂಕೋಚ.

2013ರಲ್ಲಿ ಅಮೆರಿಕದ 7 ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಸಂಗಾತಿ ಇದ್ದವರಿಗೆ ಹೋಲಿಸಿದರೆ ಇಲ್ಲದವರಲ್ಲಿ, ಅಂದರೆ ಮದುವೆಯಾಗದವರು, ಬೇರೆಯಾದವರು, ಸಂಗಾತಿ ತೀರಿಕೊಂಡವರಲ್ಲಿ, ಕಾಯಿಲೆ ಹರಡಿದ ಮೇಲೆ ಗೊತ್ತಾಗುವುದು ಜಾಸ್ತಿ, ಸರಿಯಾದ ಚಿಕಿತ್ಸೆ ಸಿಗುವುದು ಕಡಿಮೆ. ಇದನ್ನು ಕೇಳಿ ಹೆದರಬೇಡಿ. ನನ್ನ ಪ್ರಕಾರ ಇದರಲ್ಲಿ ಪ್ರೀತಿಯ ಪವಾಡ ಏನೂ ಇಲ್ಲ. "ಆ ಕೆಮ್ಮು ತೋರಿಸ್ಕೊಂಡು ಬಾ" ಅಂತ ದಿನಾ ಪೀಡಿಸುವ ಒಂದು ದನಿ, ಬಯಾಪ್ಸಿ ದಿನ ಹೊರಗಡೆ ಕೂರುವ ಒಂದು ಜೀವ, ಡಾಕ್ಟರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಇನ್ನೊಂದು ತಲೆ. ಈ ಕೆಲಸಗಳನ್ನು ಬೇರೆಯವರೂ ಮಾಡಬಹುದು. ಒಬ್ಬರೇ ಎಲ್ಲವನ್ನೂ ಮಾಡಬೇಕಾಗಿಲ್ಲ. ದಿನಾಂಕ ಕೊಡುವಾಗಲೇ ಆಸ್ಪತ್ರೆಯವರಿಗೆ ನೇರವಾಗಿ ಹೇಳಿ: "ನಾನು ಒಬ್ಬಳೇ ಇದ್ದೇನೆ, ಒಬ್ಬನೇ ಇದ್ದೇನೆ, ಏನು ವ್ಯವಸ್ಥೆ ಇದೆ?" ಒಂದು ರಾತ್ರಿ ಅಲ್ಲೇ ಉಳಿಸಿಕೊಳ್ಳುವ ದಾರಿ ಇದೆಯಾ ಕೇಳಿ. ಸಮಾಜ ಕಾರ್ಯಕರ್ತರು ಇದ್ದಾರಾ ಕೇಳಿ. ಪರಿಚಯದವರಲ್ಲಿ ಕೇಳುವಾಗ "ಸ್ವಲ್ಪ ಸಹಾಯ ಬೇಕಿತ್ತು" ಅನ್ನಬೇಡಿ. "ಗುರುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ನನ್ನ ಜೊತೆ ಬರ್ತೀರಾ?" ಅನ್ನಿ. ಅಂಥ ಪ್ರಶ್ನೆಗೆ ಜನ ಬೇಗ ಹೂಂ ಅನ್ನುತ್ತಾರೆ.

ಡಾಕ್ಟರ ಮಾತನ್ನು ಅವರ ಅನುಮತಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದುಃಖ, ನಿದ್ದೆಗೇಡು, ಭಯ, ಮೂರೂ ಸೇರಿದ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

ಕಾಯುವ ದಿನಗಳಲ್ಲಿ ಇನ್ನೊಂದು ವಿಚಿತ್ರ ಆಗುತ್ತದೆ. ಹೋದವರ ನೆನಪು ಬರುವುದು ಕಡಿಮೆಯಾಗುತ್ತದೆ. ತಲೆ ತುಂಬ ಟೆಸ್ಟು, ದಿನಾಂಕ, ರಿಪೋರ್ಟು. ಆಮೇಲೆ "ಅಯ್ಯೋ, ನಾನು ಅವರನ್ನು ಮರೆತುಬಿಟ್ಟೆನಾ?" ಅಂತ ಸಂಕಟ. ನೀವು ಮರೆತಿಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಅನ್ನುವ ಸಂಶೋಧಕರು 1999ರಲ್ಲಿ ಬರೆದದ್ದು ಇದನ್ನೇ. ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಬದುಕು ನಡೆಸುವ ಕಡೆಗೂ ಹೋಗಿ ಬಂದು ಮಾಡುತ್ತಲೇ ಇರುತ್ತಾರೆ. ಅಳುವುದರಿಂದ ಬಿಡುವು ತೆಗೆದುಕೊಳ್ಳುವುದೂ ದುಃಖಿಸುವುದರ ಒಂದು ಭಾಗವೇ. ಹಾಗಾಗಿ ಟೆಸ್ಟಿನ ವಾರ ಅಳು ಬರಲಿಲ್ಲ ಅಂದರೆ ಪ್ರೀತಿ ಕಡಿಮೆಯಾಯಿತು ಅಂತಲ್ಲ.

ರಿಪೋರ್ಟ್ ಬಂದು, ಕ್ಯಾನ್ಸರ್ ಅಲ್ಲ ಅಂತಾದರೆ ಎಲ್ಲರೂ "ನೋಡಿದ್ಯಾ, ಸುಮ್ನೆ ಹೆದರಿದೆ" ಅಂದು ಹೊರಟುಬಿಡುತ್ತಾರೆ. ಅವತ್ತು ರಾತ್ರಿಯೇ ಇಷ್ಟು ದಿನ ತಡೆದಿದ್ದ ದುಃಖ ಒಮ್ಮೆಗೇ ಬಂದು ಬೀಳಬಹುದು. ಈ ಸಂತೋಷದ ಸುದ್ದಿಯನ್ನು ಹೇಳಲೂ ಅವರಿಲ್ಲ ಅಂತ. ಅದಕ್ಕೆ ಸಿದ್ಧರಾಗಿರಿ. ಆ ದಿನಕ್ಕೂ ಒಬ್ಬರನ್ನು ಕರೆದಿಟ್ಟುಕೊಳ್ಳಿ.

ಕ್ಯಾನ್ಸರ್ ಅಂತಾದರೆ, ಮೊದಲ ಭೇಟಿಯಲ್ಲೇ ಉಪಶಾಮಕ ಚಿಕಿತ್ಸೆ, ಅಂದರೆ ಪ್ಯಾಲಿಯೇಟಿವ್ ಕೇರ್ ತಂಡದ ಬಗ್ಗೆ ಕೇಳಿ. ಅದು ಸಾಯುವವರಿಗೆ ಮಾತ್ರ ಅನ್ನುವುದು ಸುಳ್ಳು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುರುವಿನಿಂದಲೇ ಆ ತಂಡದ ಜೊತೆ ಇದ್ದವರಿಗೆ ಖಿನ್ನತೆ ಕಡಿಮೆ ಇತ್ತು. ಅವರು ಬದುಕಿದ್ದೂ ಹೆಚ್ಚು, ಮಧ್ಯಾಂಕ ಸುಮಾರು 11.6 ತಿಂಗಳು, ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದರು. ಉಳಿದವರದು 8.9. ಅಂದಿನ ಔಷಧಗಳ ಕಾಲದ ಲೆಕ್ಕ ಇದು. ಈಗ ಔಷಧಗಳು ಇನ್ನೂ ಬಹಳ ಬದಲಾಗಿವೆ. ನಾನು ಇದನ್ನು ಹೇಳುವುದು ಬೇರೆ ಕಾರಣಕ್ಕೆ. ನೋವು, ಉಸಿರಾಟ, ನಿದ್ದೆ, ಮನಸ್ಸು, ಇವುಗಳನ್ನು ನೋಡಿಕೊಳ್ಳುವುದೇ ಆ ತಂಡದ ಕೆಲಸ. "ನನ್ನವರು ಹೋಗಿದ್ದಾರೆ, ನಾನು ಒಂಟಿ" ಅಂತ ನೀವು ಹೇಳಿದರೆ ಅದನ್ನೂ ಕಾಯಿಲೆಯ ಭಾಗವಾಗಿಯೇ ಕೇಳಿಸಿಕೊಳ್ಳುತ್ತಾರೆ.

ಕೊನೆಗೆ ಅಕ್ಕಪಕ್ಕ ಇರುವವರಿಗೆ. "ಧೈರ್ಯವಾಗಿರಿ, ಏನೂ ಆಗಲ್ಲ" ಅನ್ನಬೇಡಿ. ಏನೂ ಆಗಲ್ಲ ಅಂತ ನಿಮಗೆ ಗೊತ್ತಿಲ್ಲ, ಅವರ ಮನೆಯಲ್ಲಿ ಈಗಾಗಲೇ ಆಗಿದೆ. "ಏನಾದರೂ ಬೇಕಿದ್ದರೆ ಹೇಳಿ" ಅಂತಲೂ ಬಿಟ್ಟುಬಿಡಬೇಡಿ. ಅವರು ಹೇಳುವುದಿಲ್ಲ. ಟೆಸ್ಟ್ ಯಾವ ದಿನ, ಎಷ್ಟು ಗಂಟೆಗೆ ಅಂತ ಕೇಳಿ ನಿಮ್ಮ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಫಾರಂನ ಆ ಸಾಲಿಗೆ ನನ್ನ ಹೆಸರು, ನನ್ನ ನಂಬರು ಬರೆಯಿರಿ ಅಂತ ಮೊದಲೇ ಮೆಸೇಜ್ ಮಾಡಿ. ಆ ನಂಬರಿಗೆ ಫೋನ್ ಬಂದರೆ ಎತ್ತಿ.