ಕಷ್ಟಪಟ್ಟವರೇ ಕ್ಯಾಮೆರಾ ಮುಂದೆ

ಕೇಳುಗರೆಲ್ಲರಿಗೂ ನಮಸ್ಕಾರ. ಆಕಾಶವಾಣಿಯವರು ನನಗೆ ಕೊಟ್ಟ ವಿಷಯ ದೊಡ್ಡದು. ಜಗತ್ತಿನ ಸಿನಿಮಾ ಮತ್ತು ಜನರ ಹೋರಾಟ. ಕೊಟ್ಟ ಸಮಯ ಹತ್ತು ನಿಮಿಷ. ಅದಕ್ಕೇ ಒಂದೇ ಮಾತು ಹೇಳುತ್ತೇನೆ, ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ. ಬೇಜಾರು ಮಾಡ್ಕೋಬೇಡಿ.

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಾ ರೇಡಿಯೋ ಹಚ್ಚಿಕೊಂಡು ಕೂತವರು ಇದ್ದೀರಿ. ಸಿರುಗುಪ್ಪದ ಕಡೆ ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತವರು ಇದ್ದೀರಿ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಓಡಿಸುತ್ತಾ ಕೇಳುವವರೂ ಇರಬಹುದು. ಫಾರಿನ್ ಸಿನಿಮಾ, ಅದರಲ್ಲೂ ಅವಾರ್ಡ್ ಸಿನಿಮಾ ಅಂದ ಕೂಡಲೇ ಅರ್ಧ ಜನ ಸ್ಟೇಷನ್ ಬದಲಾಯಿಸೋಕೆ ಕೈ ಹಾಕಿರುತ್ತೀರಿ. ಸ್ವಲ್ಪ ತಡೀರಿ.

ನನ್ನ ಮಾತು ಇಷ್ಟೇ. ಹೋರಾಟದ ಸಿನಿಮಾ ನಿಜವಾದದ್ದಾ, ಸುಳ್ಳಾ ಅಂತ ತಿಳಿಯೋಕೆ ಪಂಡಿತರು ಬೇಕಿಲ್ಲ. ಕ್ಯಾಮೆರಾ ಮುಂದೆ ಯಾರು ನಿಂತಿದ್ದಾರೆ ನೋಡಿ. ಆ ಕಷ್ಟ ಪಟ್ಟವರೇ ನಿಂತಿದ್ದಾರಾ? ಹಾಗಾದರೆ ಕೂತು ನೋಡಿ.

1948ರಲ್ಲಿ ಇಟಲಿಯಲ್ಲಿ ವಿಟ್ಟೋರಿಯೋ ಡಿ ಸಿಕಾ 'ಬೈಸಿಕಲ್ ಥೀವ್ಸ್' ತೆಗೆದರು. ಯುದ್ಧ ಮುಗಿದಿದೆ, ರೋಮ್ ಊರಲ್ಲಿ ಕೆಲಸ ಇಲ್ಲ. ಒಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ ಇರಲೇಬೇಕು. ಸೈಕಲ್ ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಹಾಸಿಗೆ ಮೇಲಿನ ಚಾದರಗಳನ್ನು ಕಿತ್ತು ಮೂಟೆ ಕಟ್ಟುತ್ತಾಳೆ. ಅದನ್ನು ಅಡವಿಟ್ಟು ಇದನ್ನು ಬಿಡಿಸಿಕೊಂಡು ಬರುತ್ತಾರೆ. ನಮ್ಮಲ್ಲಿ ಬಿತ್ತನೆ ಬೀಜಕ್ಕೆ ಕಿವಿಯ ಓಲೆ ಹೋಗುತ್ತಲ್ಲ, ಅದೇ ಲೆಕ್ಕ. ಆ ಗಂಡನ ಪಾತ್ರ ಮಾಡಿದವರು ನಟರಲ್ಲ, ಕಾರ್ಖಾನೆಯ ಕಾರ್ಮಿಕ, ಲ್ಯಾಂಬರ್ಟೋ ಮಜ್ಜೋರಾನಿ. ಸಿನಿಮಾ ಮುಗಿದ ಮೇಲೆ ವಾಪಸ್ ಕಾರ್ಖಾನೆಗೆ ಹೋದರು. ಅಲ್ಲಿ ಇದ್ದ ಕೆಲಸವೂ ಹೋಯಿತು. ಸಿನಿಮಾದಲ್ಲಿ ಆದದ್ದು ಹೊರಗೂ ಆಯಿತು, ಅಲ್ವಾ?

ಈಗ ನನ್ನ ಇಷ್ಟದ ಕಥೆಗೆ ಬರುತ್ತೇನೆ. ಇದನ್ನು ಹೇಳೋಕೆಂದೇ ನಾನು ಇವತ್ತು ಬಂದದ್ದು.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಒಂದು ಸತುವಿನ ಗಣಿ. 1950ರಲ್ಲಿ ಅಲ್ಲಿ ಮುಷ್ಕರ ಶುರುವಾಯಿತು. ಕೆಲಸದವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಬಿಳಿಯರ ಮನೆಗಳಿಗೆ ನಲ್ಲಿಯಲ್ಲಿ ಬಿಸಿನೀರು, ಇವರ ಮನೆಯಲ್ಲಿ ಹೆಂಗಸರು ಕಟ್ಟಿಗೆ ಒಡೆದು ಕಾಯಿಸಬೇಕು. ಗಣಿಯ ಗೇಟಿನ ಮುಂದೆ ಕಾರ್ಮಿಕರು ನಿಲ್ಲುವ ಹಾಗಿಲ್ಲ ಅಂತ ಕೋರ್ಟ್ ಆರ್ಡರ್ ಬಂತು. ಆರ್ಡರ್‌ನಲ್ಲಿ ಕಾರ್ಮಿಕರು ಅಂತ ಇತ್ತು, ಹೆಂಡತಿಯರು ಅಂತ ಇರಲಿಲ್ಲ! ಹೆಂಗಸರೇ ಹೋಗಿ ಗೇಟಿಗೆ ನಿಂತರು. ಪೊಲೀಸರು ಮಕ್ಕಳ ಸಮೇತ ಜೈಲಿಗೆ ಹಾಕಿದರು.

ಇದನ್ನೇ 1954ರಲ್ಲಿ 'ಸಾಲ್ಟ್ ಆಫ್ ದಿ ಅರ್ಥ್' ಅಂತ ಸಿನಿಮಾ ಮಾಡಿದರು. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್ ನೀವು ಕಮ್ಯುನಿಸ್ಟಾ ಅಂತ ಅಮೆರಿಕದ ಸಂಸತ್ತಿನ ಸಮಿತಿ ಕೇಳಿದ್ದಕ್ಕೆ ಉತ್ತರ ಕೊಡದೆ ಮೊದಲೇ ಜೈಲು ನೋಡಿ ಬಂದವರು. ನಾಯಕನಾಗಿ ನಿಂತವರು ಅಲ್ಲಿಯ ಕಾರ್ಮಿಕ ಸಂಘದ ಅಧ್ಯಕ್ಷ ಹುವಾನ್ ಚಾಕೋನ್. ಅಕ್ಕಪಕ್ಕ ನಿಂತವರಲ್ಲಿ ಹೆಚ್ಚಿನವರು ಅದೇ ಮುಷ್ಕರದ ಜನ. ನಾಯಕಿ ಮೆಕ್ಸಿಕೋದ ವೃತ್ತಿ ನಟಿ, ರೊಸಾವುರಾ ರೆವುವೆಲ್ಟಾಸ್. ಶೂಟಿಂಗ್ ಮುಗಿಯುವ ಮೊದಲೇ ಆಕೆಯನ್ನು ಹಿಡಿದು ಗಡಿ ದಾಟಿಸಿದರು. ಹಾಗಾಗಿ ಆಕೆಯನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತೇನೆ. ಲ್ಯಾಬಿನವರು ರೀಲ್ ತೊಳೆಯೋಕೆ ಒಪ್ಪಲಿಲ್ಲ, ಪ್ರೊಜೆಕ್ಟರ್ ಆಪರೇಟರುಗಳು ಓಡಿಸೋಕೆ ಒಪ್ಪಲಿಲ್ಲ. ಬೆರಳೆಣಿಕೆಯ ಥಿಯೇಟರುಗಳಲ್ಲಿ ಅಷ್ಟೇ ಓಡಿತು.

ಇದನ್ನು ನಾನು ನಮ್ಮ ಕಡೆಯ ಒಂದು ಗಣಿ ಕಾಲೋನಿಯಲ್ಲಿ ತೋರಿಸಿದೆ. 2009ರ ಮಾತು. ಊರ ಹೆಸರು ಬೇಡ. ಗುಡಿ ಮುಂದಿನ ಬಯಲು, ಎರಡು ಬೊಂಬು, ನಡುವೆ ನಮ್ಮ ಮಾವನವರ ಬಿಳಿ ಧೋತ್ರ. ಸಂಜೆ ಐದಕ್ಕೆ ಕಟ್ಟಿದ್ದೆವು. ಲಾರಿಗಳು ಓಡಿ ಓಡಿ ಏಳು ಗಂಟೆಗೆ ಧೋತ್ರ ತಿಳಿ ಕೆಂಪಾಗಿತ್ತು. ಅದರ ಮೇಲೇ ಸಿನಿಮಾ ಬಿಟ್ಟೆವು. ಸಬ್‌ಟೈಟಲ್ ಓದುವವರು ಯಾರೂ ಇಲ್ಲ. ನಾನೇ ಬಯಲಾಟದ ಭಾಗವತನ ಹಾಗೆ ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋದೆ.

ಮೊದಮೊದಲು ಹುಡುಗರು ಸಿಳ್ಳೆ ಹಾಕಿದರು. ಹೀರೋ ಫೈಟಿಂಗ್ ಯಾವಾಗ ಮಾಡ್ತಾನೆ ಅಂತ ಒಬ್ಬ ಕೇಳಿದ. ಸಿನಿಮಾದ ನಾಯಕನ ಮನೆಯಲ್ಲಿ ಕಂತಿನ ಮೇಲೆ ತಂದ ಒಂದು ರೇಡಿಯೋ ಇರುತ್ತದೆ. ಮುಷ್ಕರದಲ್ಲಿ ಕಂತು ಕಟ್ಟೋಕಾಗದೆ ಅದನ್ನು ಹೊತ್ತುಕೊಂಡು ಹೋಗೋಕೆ ಬರುತ್ತಾರೆ. ಆಗ ಬಯಲು ಗಪ್‌ಚುಪ್. ಫೈನಾನ್ಸಿನವರು ಬಂದು ಬೈಕ್ ಎಳೆದುಕೊಂಡು ಹೋದ ಮನೆಗಳು ಅಲ್ಲೇ ಇದ್ದವು. ಆಮೇಲೆ ಹೆಂಡತಿಯರು ಗೇಟಿಗೆ ಹೋಗಿ, ಗಂಡಂದಿರು ಮನೆಯಲ್ಲಿ ಬಟ್ಟೆ ಒಣಗಿಸುವ ಸೀನ್. ನಾಯಕ ಬೇಜಾರಿನಲ್ಲಿ, ಬಿಸಿನೀರು ಹಾಕಿಸಿಕೊಟ್ಟರೇನೇ ಇನ್ನು ಗಣಿಗೆ ಕಾಲಿಡೋದು ಅನ್ನುತ್ತಾನೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಾಕೆ ಗಂಡನ ಬೆನ್ನಿಗೆ ಗುದ್ದಿದ್ದು ನನಗೆ ಪ್ರೊಜೆಕ್ಟರ್ ಬೆಳಕಿನಲ್ಲಿ ಕಾಣಿಸಿತು.

ನನ್ನ ಪಕ್ಕದಲ್ಲಿ ಚಾಪೆ ಮೇಲೆ ಒಬ್ಬ ಅಜ್ಜಿ. ಸೆರಗಿನಲ್ಲಿ ಶೇಂಗಾ. ನಾಯಕನನ್ನು ತೋರಿಸಿ "ಇವ ನಾಟಕದಾವ ಅಲ್ಲ ನೋಡು" ಅಂದಳು. ಹೇಗೆ ಗೊತ್ತಾಯಿತು ಅಂದೆ. "ಕೈ ನೋಡಪ್ಪ" ಅಂದಳು. ನಾನು ಆ ಸಿನಿಮಾವನ್ನು ಏಳೆಂಟು ಸಲ ನೋಡಿದ್ದೆ. ಕೈ ನೋಡಿರಲಿಲ್ಲ.

ಹೆಂಗಸರು ಜೈಲಿನಲ್ಲಿ ಕಂಬಿ ಹಿಡಿದು ಕೂಸಿಗೆ ಹಾಲು ಬೇಕು ಅಂತ ಕೂಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಯಾರೂ ಏಳಲಿಲ್ಲ. "ಮುಂದೆ ಬಾಯಾಗ ಹೇಳ್ರೀ" ಅಂದರು. ಕತ್ತಲಲ್ಲಿ ಮುಕ್ಕಾಲು ಗಂಟೆ ಹೇಳಿದೆ. ಮುಗಿದ ಮೇಲೆ ಅಜ್ಜಿ ಕೇಳಿದಳು: "ಯಪ್ಪಾ, ಆ ಹೆಣ್ಮಕ್ಕಳಿಗೆ ನೀರು ಬಂತೇನು?"

ನನಗೆ ಗೊತ್ತಿರಲಿಲ್ಲ ನೋಡಿ! ಸಿನಿಮಾ ಅಲ್ಲಿಯವರೆಗೆ ಹೋಗೋದೇ ಇಲ್ಲ. ಮನೆಗೆ ಬಂದು ಹುಡುಕಿದೆ. 1952ರ ಜನವರಿಯಲ್ಲಿ ಮುಷ್ಕರ ಇತ್ಯರ್ಥವಾಯಿತು, ಆಮೇಲೆ ಆ ಮನೆಗಳಿಗೆ ಬಿಸಿನೀರಿನ ಪೈಪೂ ಬಂತು. ತಿಂಗಳು ಬಿಟ್ಟು ಉಳಿದ ರೀಲು ತೋರಿಸೋಕೆ ಹೋದಾಗ ಅಜ್ಜಿಗೆ ಹೇಳಿದೆ. ಆಕೆ ನಕ್ಕಳು. "ಬಿಸಿನೀರು ಅವರಿಗಿರಲಿ, ನಮಗೆ ತಣ್ಣೀರು ಬಂದ್ರೆ ಸಾಕು" ಅಂದಳು. ಅಲ್ಲಿ ಟ್ಯಾಂಕರ್ ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷ ಅಂತೆ. ಬೇಗ ಬೇಗ ಹೇಳಿ ಮುಗಿಸುತ್ತೇನೆ.

1966ರ 'ಬ್ಯಾಟಲ್ ಆಫ್ ಅಲ್ಜಿಯರ್ಸ್'. ಅಲ್ಜೀರಿಯಾ ಫ್ರೆಂಚರಿಂದ ಬಿಡುಗಡೆಯಾದದ್ದು 1962ರಲ್ಲಿ. ಆ ಹೋರಾಟದಲ್ಲಿ ಮರಣದಂಡನೆ ತೀರ್ಪು ಪಡೆದು ಬದುಕಿ ಬಂದ ಸಾದಿ ಯಾಸೆಫ್ ಈ ಸಿನಿಮಾದಲ್ಲಿ ಹೋರಾಟದ ನಾಯಕನಾಗಿ ನಟಿಸಿದ್ದಾರೆ. ಮತ್ತೆ ಅದೇ ಮಾತು, ಕಷ್ಟಪಟ್ಟವರೇ ಕ್ಯಾಮೆರಾ ಮುಂದೆ. ಇರಾನಿನ ಜಾಫರ್ ಪನಾಹಿಗೆ 2010ರಲ್ಲಿ ಇಪ್ಪತ್ತು ವರ್ಷ ಸಿನಿಮಾ ತೆಗೆಯಬಾರದು ಅಂತ ಶಿಕ್ಷೆ ಆಯಿತು. ಅವರು ಟ್ಯಾಕ್ಸಿಯಲ್ಲಿ ಕ್ಯಾಮೆರಾ ಇಟ್ಟು, ತಾವೇ ಡ್ರೈವರ್ ಆಗಿ ಒಂದು ಸಿನಿಮಾ ತೆಗೆದರು. ಅದನ್ನು ವಿವರಿಸೋಕೆ ಸಮಯ ಇಲ್ಲ, ಅದು ನನ್ನದೇ ತಪ್ಪು.

ಕನ್ನಡದ್ದು ಒಂದು ಹೇಳಲೇಬೇಕು. 1970ರ 'ಸಂಸ್ಕಾರ'. ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದಕ್ಕೇ ಸ್ವರ್ಣಕಮಲ ಬಂತು. ಅದರಲ್ಲಿ ಚಂದ್ರಿ ಅನ್ನುವ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರದು ತಿರುಗಾ ಮುರುಗಾ ಕಥೆ. ಮೊದಲು ಸಿನಿಮಾ, ಆಮೇಲೆ ಕಷ್ಟ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದರು. ಉಬ್ಬಸ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು.

'ಸಾಲ್ಟ್ ಆಫ್ ದಿ ಅರ್ಥ್' ನಿಮ್ಮ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ, ಅದಕ್ಕೆ ಈಗ ಹಕ್ಕುದಾರರ ಕಾಟ ಇಲ್ಲ. ಒಬ್ಬರೇ ನೋಡಬೇಡಿ. ಓದೋಕೆ ಬರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿ. ಫೋನ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ, ಜೈಲಿನ ಸೀನ್ ಬರುವ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ. ನಮಸ್ಕಾರ.